ಕೂಟದಿಂದ ಮೇಳಕ್ಕೆ: ಕನ್ಯಾನ ಸೀಮೆಯ ಹಸುರು ಹಬ್ಬಗಳು

ವಿಟ್ಲದಿಂದ ಕೇರಳದ ಗಡಿಯತ್ತ ಹೊರಟರೆ ಅಳಿಕೆ, ಕನ್ಯಾನ. ಗಡಿ ದಾಟಿದರೆ ಬಾಯಾರು. ಇನ್ನೊಂದು ಕವಲಿನಲ್ಲಿ ಅಡ್ಯನಡ್ಕ, ಅದರಾಚೆ ಪೆರ್ಲ. ಮುರಕಲ್ಲಿನ ಗುಡ್ಡೆ, ತಗ್ಗಿನಲ್ಲಿ ಅಡಿಕೆ ತೋಟ, ಮನೆಗೆ ನಾಲ್ಕಾದರೂ ಹಲಸಿನ ಮರ. ಇವತ್ತು ಕರ್ನಾಟಕದ ಊರೂರಲ್ಲಿ ಹಲಸಿನ ಮೇಳ, ಬೀಜ ಜಾತ್ರೆ, ಗೆಡ್ಡೆಗೆಣಸು ಹಬ್ಬ, ಸಾವಯವ ಸಂತೆ ಎಂದು ಏನೇನೋ ನಡೆಯುತ್ತವಲ್ಲ, ಅದರ ತಾಯಿಬೇರುಗಳಲ್ಲೊಂದು ಈ ಗಡಿ ಸೀಮೆಯಲ್ಲಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆ ಅದು ಹೇಗೆ ಹಬ್ಬಿತು, ಎಲ್ಲಿ ದಾರಿ ತಪ್ಪುತ್ತಿದೆ ಎಂಬುದನ್ನು ಒಮ್ಮೆ ಜೋಡಿಸಿ ನೋಡಬಹುದು.

ಮೇಳಗಳು ಬರುವ ಮೊದಲೇ ಇಲ್ಲಿ ಪಂಚಾಂಗವಿತ್ತು. ಫೆಬ್ರವರಿಯಲ್ಲಿ ಬರುವ ಕೆಡ್ಡಸದ ಮೂರು ದಿನ ಭೂಮಿಗೆ ಮುಟ್ಟು ಎಂದು ಹಾರೆ-ಪಿಕ್ಕಾಸು ಮುಟ್ಟುವುದಿಲ್ಲ. ಮೇ ತಿಂಗಳ ಪತ್ತನಾಜೆಗೆ ಕೋಲ, ಯಕ್ಷಗಾನ ಎಲ್ಲಕ್ಕೂ ತೆರೆ. ಇನ್ನು ಮಳೆ, ಬೇಸಾಯ. ಹೊಸ ಭತ್ತ ಬಂದಾಗ ಪುದ್ವಾರ್, ದೀಪಾವಳಿಗೆ ಬಲೀಂದ್ರನ ಜತೆ ಗದ್ದೆಗೂ ಹಟ್ಟಿಗೂ ದೀಪ. ಇವುಗಳನ್ನೆಲ್ಲ ಹಿರಿಯರ ಪರಿಸರಪ್ರಜ್ಞೆ ಎಂದು ಭಾಷಣದಲ್ಲಿ ಹೊಗಳುವುದು ಈಗ ರೂಢಿ. ಅಷ್ಟು ಸಲೀಸಾಗಿ ಹೊಗಳಬಾರದು ಎಂದು ನನ್ನ ಅಭಿಪ್ರಾಯ. ತುಳುವರ ಹೊಸ ವರ್ಷವಾದ ಬಿಸುವಿಗೆ ಒಕ್ಕಲುಗಳು ತರಕಾರಿ, ಬಾಳೆಗೊನೆ ಹೊತ್ತು ಧಣಿಗಳ ಚಾವಡಿಗೆ ‘ಬುಳೆ ಕಾಣಿಕೆ’ ಒಪ್ಪಿಸಬೇಕಿತ್ತು. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಆ ಕಾಣಿಕೆಯ ಬುಡವೇ ಸಡಿಲಾಯಿತು. ಮಳೆಗಾಲದ ಆಟಿಯೆಂದರೆ ಹಸಿವಿನ ತಿಂಗಳು. ತಜಂಕಿನ ಪಲ್ಯ, ಕಣಿಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇವೆಲ್ಲ ಅಕ್ಕಿ ಮುಗಿದ ಮನೆಯ ಅಡುಗೆ. ಈಗ ‘ಆಟಿಡೊಂಜಿ ದಿನ’ ಎಂದು ಸಭಾಂಗಣದಲ್ಲಿ ಬಾಳೆಲೆ ತುಂಬ ಬಗೆಬಗೆ ಬಡಿಸುತ್ತಾರೆ, ತಿಂದವರು ಏಳಲು ಕಷ್ಟಪಡುತ್ತಾರೆ! ಆದರೂ ತಿಮರೆ ಚಟ್ನಿ, ಪತ್ರೊಡೆ ಗೊತ್ತಿಲ್ಲದ ಮಕ್ಕಳಿಗೆ ಆ ದಿನ ಅದು ಗೊತ್ತಾಗುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದೇ.

ಪಂಚಾಂಗದಂತೆ ಜಮೀನಿಗೂ ಇಲ್ಲಿ ಒಂದು ಕ್ರಮವಿತ್ತು. ಆಸ್ಟ್ರೇಲಿಯಾದ ಬಿಲ್ ಮೋಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಪುಸ್ತಕ ಬರೆದು ಪರ್ಮಾಕಲ್ಚರ್ ಎಂಬ ಚಿಂತನೆಯನ್ನು ಲೋಕದ ಮುಂದಿಟ್ಟರು. ಮನೆಯನ್ನು ನಡುವಿಟ್ಟು, ದಿನವೂ ಕೈಯಾಡಿಸಬೇಕಾದದ್ದನ್ನು ಹತ್ತಿರ, ವರ್ಷಕ್ಕೊಮ್ಮೆ ನೋಡಿದರೆ ಸಾಕಾದದ್ದನ್ನು ದೂರ ಇಡುವ ವಲಯಗಳ ಲೆಕ್ಕ ಅದರಲ್ಲಿದೆ. ದಕ್ಷಿಣ ಕನ್ನಡದ ಹಳೆಯ ವರ್ಗ (ಪಟ್ಟಾ) ಜಮೀನನ್ನು ಕಂಡವರಿಗೆ ಇದು ಹೊಸದಲ್ಲ. ಮನೆ, ಬದಿಯಲ್ಲಿ ಹಟ್ಟಿ, ಹಿತ್ತಿಲಲ್ಲಿ ಬಸಳೆ ಚಪ್ಪರ, ಕೆಳಗೆ ತೋಟ, ತೋಟದಾಚೆ ಗದ್ದೆ, ಮೇಲೆ ಕುಮ್ಕಿ. ಇಂಥ ಹಳೆಯ, ಅಂದರೆ ಕದೀಂ ವರ್ಗದ ಸುತ್ತ 450 ಗಜದವರೆಗಿನ ಸರಕಾರಿ ಜಾಗದಿಂದ ಸೊಪ್ಪು, ಹುಲ್ಲು, ಸೌದೆ ತರಲು ಕೃಷಿಕನಿಗಿದ್ದ ಹಕ್ಕೇ ಕುಮ್ಕಿ. ಕುಮ್ಕಿಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಅಡಿಕೆ ಬುಡಕ್ಕೆ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಆಮೇಲೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಕಾಲದಲ್ಲಿ ಬಂದ ಕೊಕ್ಕೊ. ಆ ಕುಮ್ಕಿಗಳಲ್ಲಿ ಎಷ್ಟೋ ಈಗ ರಬ್ಬರಾಗಿವೆ, ಅಥವಾ ಜೆಸಿಬಿ ಹೊಕ್ಕು ಅಡಿಕೆಯೇ ಗುಡ್ಡೆ ಹತ್ತಿದೆ. ಹಸುರು ಹಬ್ಬಗಳ ಬಗ್ಗೆ ಮಾತಾಡುವಾಗ ಈ ಸಂಗತಿಯನ್ನು ಬದಿಗಿಟ್ಟರೆ ಮಾತು ಪೊಳ್ಳಾಗುತ್ತದೆ.

ಸಂಘಟಿತ ಮೇಳಗಳ ಕಥೆ ಬೆಳ್ತಂಗಡಿಯದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಆ ತಾಲೂಕಿನಲ್ಲಿ ಶುರುವಾಯಿತು. ಅದರ ಕೃಷಿಮೇಳಗಳು ಮುಂದೆ ಜಿಲ್ಲೆ ದಾಟಿ ರಾಜ್ಯದ ಬೇರೆ ಬೇರೆ ಕಡೆ ನಡೆದವು. ದೊಡ್ಡ ಚಪ್ಪರ, ವೇದಿಕೆ, ವಿಚಾರಗೋಷ್ಠಿ, ಯಂತ್ರಗಳ ಮಳಿಗೆ, ಸಾಧಕರಿಗೆ ಸನ್ಮಾನ, ಇದು ಅವುಗಳ ಅಚ್ಚು. ನನ್ನ ಮಟ್ಟಿಗೆ ಆ ಯೋಜನೆಯ ನಿಜವಾದ ಕೊಡುಗೆ ಮೇಳವಲ್ಲ, ಪ್ರಗತಿಬಂಧು ಗುಂಪು. ಸಣ್ಣ ಹಿಡುವಳಿಯ ಕೆಲವು ಮಂದಿ ಸೇರಿ ವಾರಕ್ಕೊಂದು ದಿನ ಒಬ್ಬೊಬ್ಬರ ಜಮೀನಿನಲ್ಲಿ ದುಡಿಯುವ ಕ್ರಮ ಅದು. ಆಳು ಸಿಗದ ಊರಿನಲ್ಲಿ ಎಷ್ಟೋ ತೋಟಗಳು ಎದ್ದದ್ದು ಆ ಮುಯ್ಯಾಳಿನಿಂದ.

ಇದೇ ಕಾಲದಲ್ಲಿ ಆಕಾಶದಿಂದ ವಿಷ ಬೀಳುತ್ತಿತ್ತು. ಗಡಿಯಾಚೆ ಎಣ್ಮಕಜೆ ಗ್ರಾಮದ ಪಡ್ರೆಯಲ್ಲಿ, ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಹುಟ್ಟುವ ಮಕ್ಕಳಿಗೆ ಅಂಗವೈಕಲ್ಯ, ಮನೆಮನೆಯಲ್ಲಿ ಕಾಯಿಲೆ. 2011ರಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿತು. ನಗರದವರಿಗೆ ‘ವಿಷಮುಕ್ತ ಆಹಾರ’ ಮಳಿಗೆಯ ಮೇಲಿನ ಬೋರ್ಡಾಗಿರಬಹುದು. ಈ ಸೀಮೆಯಲ್ಲಿ ಆ ಮಾತಿನ ಹಿಂದೆ ಹಾಸಿಗೆ ಹಿಡಿದ ಮಕ್ಕಳಿದ್ದಾರೆ.

ಎಂಡೋಸಲ್ಫಾನ್ ಅನಾಹುತವನ್ನು ಮೊದಲಿಗೆ ಲೋಕಕ್ಕೆ ತಿಳಿಸಿದವರಲ್ಲಿ ಒಬ್ಬರು ಕೃಷಿ ಪತ್ರಕರ್ತ ಶ್ರೀ ಪಡ್ರೆ. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಾಗ ಅದರ ಸಂಪಾದಕತ್ವ ಅವರದಾಯಿತು. ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗೆಟ್ಟಿದ್ದ ಹೊತ್ತು. ವಿಜ್ಞಾನಿ ಹೇಳಿದ್ದನ್ನು ಕೃಷಿಕ ಕೇಳಬೇಕು ಎಂಬ ಹಳೆಯ ಏರ್ಪಾಟನ್ನು ಆ ಪತ್ರಿಕೆ ತಿರುಗಿಸಿ ಹಾಕಿತು: ಕೃಷಿಕ ಮಾಡಿದ್ದನ್ನು ಕೃಷಿಕನೇ ಬರೆಯಬೇಕು. ಅದಕ್ಕಾಗಿ ನಡೆಸಿದ ಶಿಬಿರಗಳ ಹೆಸರೇ ‘ಕೃಷಿಕರ ಕೈಗೆ ಲೇಖನಿ’. ಮುಂದೆ ಇಲ್ಲಿ ನಡೆದ ಕೂಟಗಳಿಗೆ ಈ ಸ್ವಭಾವ ಅಂಟಿಕೊಂಡಿತು. ವೇದಿಕೆಯ ಮೇಲೆ ಅಧಿಕಾರಿ, ಕೆಳಗೆ ರೈತ ಎಂಬ ಅಂತರ ಕಡಿಮೆಯಾಯಿತು.

ಇನ್ನು ಹಲಸು. ಈ ಕಥೆಯ ತಿರುಳು ಇದೇ.

ಹಲಸು ಇಲ್ಲಿ ಬಿದ್ದು ಕೊಳೆಯುವ ಹಣ್ಣಾಗಿತ್ತು. ಒಂದು ಹಣ್ಣು ಕೊಯ್ಯಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಬೇಕು, ಮೇಣ ಒರೆಸಬೇಕು, ರಚ್ಚೆ ಬಿಡಿಸಬೇಕು, ಗೂಂಜು ತೆಗೆಯಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಕೂಡುಕುಟುಂಬ ಒಡೆದಂತೆ ಹಪ್ಪಳ ಒತ್ತುವ ಕೈಗಳೂ ಕಡಿಮೆಯಾದವು. ವಯನಾಡಿನ ‘ಉರವು’ ಸಂಸ್ಥೆ 2000ದ ದಶಕದಲ್ಲಿ ಹಲಸಿನ ಹಬ್ಬ ಆರಂಭಿಸಿದ್ದು, ಅಡಿಕೆ ಪತ್ರಿಕೆ ಸಂಚಿಕೆ ಮೇಲೆ ಸಂಚಿಕೆಯಲ್ಲಿ ಹಲಸಿನ ಬಗ್ಗೆ ಬರೆದದ್ದು, ಇವೆರಡೂ ಸೇರಿ ಗಾಳಿ ಬದಲಾಯಿತು. ಅಳಿಕೆ ಪರಿಸರದಲ್ಲಿ ಉಬರಿನ ಹಲಸು ಸ್ನೇಹಿ ಕೂಟ ಹುಟ್ಟಿತು. ಇದಕ್ಕೆ ಸರಕಾರದ ಹಂಗಿರಲಿಲ್ಲ, ಊರಿನ ಕೃಷಿಕರೇ ಕಟ್ಟಿದ ಕೂಟ. ಮನೆಯಂಗಳವೇ ಮೈದಾನ, ಸೇರಿದವರೇ ಅಡುಗೆಯವರು.

ಇಂಥ ಕೂಟಗಳ ಮುಖ್ಯ ಕೆಲಸ ತಿನ್ನುವುದು, ತಿಂದು ಆರಿಸುವುದು. ಹಲಸಿನಲ್ಲಿ ಪರಕೀಯ ಪರಾಗಸ್ಪರ್ಶ. ಗಟ್ಟಿ ಸೊಳೆಯ, ಅಮೃತದಂಥ ಬಕ್ಕೆಯ ಬೀಜ ಹಾಕಿದರೆ ಬರುವ ಮರ ಮೆತ್ತನೆಯ ಸಪ್ಪೆ ತುಳುವೆಯಾಗಬಹುದು. ಬೀಜದಿಂದ ಎದ್ದ ಒಂದೊಂದು ಮರವೂ ಒಂದೊಂದು ತಳಿ. ಹಾಗಾಗಿ ಒಳ್ಳೆಯ ಮರ ಉಳಿಯಬೇಕಾದರೆ ಕಸಿಯೇ ಕಟ್ಟಬೇಕು, ಕಸಿ ಕಟ್ಟುವ ಮೊದಲು ಯಾವ ಮರ ಎಂದು ಗೊತ್ತಾಗಬೇಕು. ಊರಿನ ಹಣ್ಣುಗಳನ್ನು ಒಂದೆಡೆ ತಂದು, ಸಾಲಾಗಿ ಕೊಯ್ದಿಟ್ಟು, ಸೊಳೆಯ ದಪ್ಪ, ಬಣ್ಣ, ಸಿಹಿ, ನಾರು ನೋಡಿ ಗುರುತು ಹಾಕುತ್ತಾರೆ. ಬಾಯಿ ಚಪ್ಪರಿಸುವ ಅಜ್ಜನೂ ಕಸಿಯವನೂ ಒಂದೇ ಸಾಲಿನಲ್ಲಿ. ಗೆದ್ದ ಮರದ ಕಡ್ಡಿ ನರ್ಸರಿಗೆ ಹೋಗುತ್ತದೆ, ಅಲ್ಲಿಂದ ಸಸಿ ಹತ್ತಾರು ಮನೆಗೆ. ಹಿತ್ತಿಲ ಮೂಲೆಯಲ್ಲಿ ಹೆಸರಿಲ್ಲದೆ ನಿಂತಿದ್ದ ಮರಕ್ಕೆ ಒಡೆಯನ ಮನೆ ಹೆಸರು ಸೇರಿ ತಳಿಯಾಗುತ್ತದೆ. ತುಮಕೂರು ಜಿಲ್ಲೆ ಚೇಳೂರಿನ ‘ಸಿದ್ದು’ ಹಲಸು 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಒಪ್ಪಂದದೊಂದಿಗೆ ಪ್ರಸಿದ್ಧವಾಯಿತು; ಅದೂ ಒಬ್ಬ ಕೃಷಿಕನ ಒಂದೇ ಮರ. 2018ರಲ್ಲಿ ಕೇರಳ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು.

ಅಡುಗೆಯ ಪಟ್ಟಿಯೂ ಬೆಳೆಯಿತು. ಮೊದಲಿದ್ದ ಹಪ್ಪಳ, ಕೊಟ್ಟಿಗೆ, ಮುಳ್ಕ, ಬೆರಟಿ, ಉಪ್ಪುಸೊಳೆಯ ಉಂಡಲಕಾಳು, ಬೀಜದ ಸಾಂತಾಣಿಯ ಜತೆಗೆ ಐಸ್‌ಕ್ರೀಂ, ಹೋಳಿಗೆ, ಕಬಾಬ್, ಬಿರಿಯಾನಿ. ಗುಜ್ಜೆಯನ್ನು (ಎಳೆ ಹಲಸು) ಹೆಚ್ಚಿ ಪ್ಯಾಕೆಟು ಮಾಡಿ ಮಾರುವವರೂ ಹುಟ್ಟಿಕೊಂಡರು. ಜೂನ್‌ನಲ್ಲಿ ದಾರಿಬದಿ ರಾಶಿ ಬಿದ್ದಿರುತ್ತಿದ್ದ ಹಣ್ಣಿಗೆ ಕೊನೆಗೂ ರೇಟು ಬಂತು.

ಬೀಜ ಮತ್ತು ನೀರಿನ ಹಬ್ಬಗಳು ಇಷ್ಟು ಗದ್ದಲ ಮಾಡಲಿಲ್ಲ. ಬೆಳ್ತಂಗಡಿಯ ಮಿತ್ತಬಾಗಿಲಿನಲ್ಲಿ ಬಿ.ಕೆ. ದೇವರಾವ್ ನೂರಕ್ಕೂ ಮಿಕ್ಕಿ ಭತ್ತದ ತಳಿ ಕಾಯ್ದರು. ಕಾಸರಗೋಡು ಜಿಲ್ಲೆ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತುಂಬಿ ಒಂದೊಂದು ತಳಿಯನ್ನು ಎಬ್ಬಿಸುತ್ತ 650ರಷ್ಟು ತಳಿ ಉಳಿಸಿದರು, 2024ರಲ್ಲಿ ಪದ್ಮಶ್ರೀ. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರದು ನೀರಿನ ಕಥೆ. ಅಡಿಕೆ ಮರ ಹತ್ತುವ ಕೂಲಿ ಕೆಲಸದವರು. ಗುಡ್ಡೆಯಲ್ಲಿ ಎರಡು ಎಕರೆ ಸಿಕ್ಕಿತು, ನೀರಿಲ್ಲ. ಕೂಲಿ ಮುಗಿಸಿ ಬಂದು ರಾತ್ರಿ ಎಣ್ಣೆ ದೀಪದಲ್ಲಿ ಸುರಂಗ ಕೊರೆದರು. ಐದು ಸುರಂಗ ಒಣಗಿದ್ದೇ ಬಂತು, ಆರನೆಯದರಲ್ಲಿ ನೀರು. ಪಂಪಿಲ್ಲ, ಕರೆಂಟಿಲ್ಲ, ಮುರಕಲ್ಲು ಗುಡ್ಡೆಯ ಹೊಟ್ಟೆಯಿಂದ ತಾನಾಗಿ ಇಳಿದು ಬರುವ ನೀರು. 2022ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಅವರ ಜಾಗ ನೋಡಲು ಶಾಲೆ ಮಕ್ಕಳಿಂದ ಹಿಡಿದು ಹೊರರಾಜ್ಯದ ಕೃಷಿಕರವರೆಗೆ ಜನ ಬರುತ್ತಾರೆ. ಮಳಿಗೆಯೂ ಮೈಕೂ ಇಲ್ಲದ ಮೇಳ ಎಂದರೆ ಅದು.

ಹೊರಗಿನ ಮೇಳಗಳಿಗೂ ಇವಕ್ಕೂ ನಂಟಿದೆ. ಶಿರಸಿಯಲ್ಲಿ 2001ರಲ್ಲಿ ಹುಟ್ಟಿದ ‘ವನಸ್ತ್ರೀ’ ಕೂಟದ ಮಲೆನಾಡು ಮೇಳ ಹಿತ್ತಿಲ ಬೀಜಗಳದು, ಹೆಂಗಸರದು. ಜೋಯಿಡಾದಲ್ಲಿ ಕುಣಬಿ ಜನರ ಗೆಡ್ಡೆಗೆಣಸು ಮೇಳ. ಬೀದರಿನ ಗಡಿಯಾಚೆ ಜಹೀರಾಬಾದ್ ಕಡೆ ದಲಿತ ಮಹಿಳೆಯರು ಸಿರಿಧಾನ್ಯದ ಬೀಜವನ್ನು ಸಿಂಗರಿಸಿದ ಎತ್ತಿನಗಾಡಿಯಲ್ಲಿ ಊರೂರಿಗೆ ಒಯ್ಯುವ ಜಾತ್ರೆ. ಜನರನ್ನು ಮೇಳಕ್ಕೆ ಕರೆಯದೆ ಮೇಳವನ್ನೇ ಜನರಲ್ಲಿಗೆ ಕೊಂಡೊಯ್ಯುವ ಈ ಕ್ರಮ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. 2017ರಲ್ಲಿ ಹೈದರಾಬಾದಿನಲ್ಲಿ ಪರ್ಮಾಕಲ್ಚರಿನ ಅಂತಾರಾಷ್ಟ್ರೀಯ ಸಮಾವೇಶವೂ ನಡೆಯಿತು. ನಮ್ಮ ಕರಾವಳಿಯ ಕೂಟಗಳ ನಡೆ ಅದರಿಂದ ಬದಲಾದಂತೆ ಕಾಣುವುದಿಲ್ಲ.

ಊರಿನ ಕೂಟ ಪೇಟೆಗೆ ಬಂದಾಗ ಲಾಭವೂ ಇದೆ, ನಷ್ಟವೂ ಇದೆ. ಮಂಗಳೂರಿನಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗ ಭಾನುವಾರದ ಸಂತೆ ನಡೆಸಿ ಬೆಳೆದವನನ್ನೂ ತಿನ್ನುವವನನ್ನೂ ಮುಖಾಮುಖಿ ನಿಲ್ಲಿಸಿತು. ಮೂಡುಬಿದಿರೆಯ ಸಾಹಿತ್ಯ ಸಮ್ಮೇಳನ ‘ಆಳ್ವಾಸ್ ನುಡಿಸಿರಿ’ಯ ಮಗ್ಗುಲಲ್ಲಿ ‘ಕೃಷಿಸಿರಿ’ ಬಂತು. ಸಾಹಿತ್ಯ ಕೇಳಲು ಬಂದ ಸಾವಿರಾರು ಜನ ತರಕಾರಿ ಬಳ್ಳಿಗಳ ನಡುವೆ ನಡೆದರು. ಅದೇ ಮೂಡುಬಿದಿರೆಯ ಸೋನ್ಸ್ ಫಾರ್ಮ್‌ನಲ್ಲಿ ಡಾ. ಎಲ್.ಸಿ. ಸೋನ್ಸ್ ದೇಶವಿದೇಶದ ಹಣ್ಣಿನ ಗಿಡ ಬೆಳೆಸಿ, ಈ ಮಣ್ಣಿನಲ್ಲಿ ರಂಬುಟಾನ್ ಕೂಡ ಆಗುತ್ತದೆ ಎಂದು ತೋರಿಸಿದ್ದರು. ಆದರೆ ಈಚಿನ ದೊಡ್ಡ ಮೇಳಗಳಲ್ಲಿ ಒಂದು ಸುತ್ತು ಬನ್ನಿ. ಹಲಸಿನ ಹೆಸರಿನ ಬ್ಯಾನರಿನಡಿ ಬಟ್ಟೆ ಮಳಿಗೆ, ಮ್ಯಾಟು, ಗೋಬಿ ಮಂಚೂರಿ. ಮಳಿಗೆಯ ಬಾಡಿಗೆ ಏರಿದಾಗ ಹಪ್ಪಳದ ಅಮ್ಮನಿಗೆ ಅಲ್ಲಿ ಜಾಗ ಉಳಿಯುವುದಿಲ್ಲ, ಬರುವವನು ವ್ಯಾಪಾರಿ. ಹಣ್ಣು ಎಲ್ಲಿಂದ ಬಂತು ಎಂದು ಕೇಳಿದರೆ ಲಾರಿಯ ಹೆಸರು ಹೇಳುತ್ತಾನೆ.

ಮೈದಾನವಿಲ್ಲದೆಯೂ ಹಬ್ಬ ಆಗುತ್ತದೆ ಎಂದು 2021ರಲ್ಲಿ ಕಂಡೆವು. ನೇಂದ್ರ ಬಾಳೆಗೆ ಬೆಲೆ ಬಿದ್ದು, ಕೊರೋನಾದಿಂದ ಜನ ಸೇರುವಂತಿಲ್ಲದ ಹೊತ್ತು. ಬಾಳೆಕಾಯಿ ಹುಡಿ ಮಾಡುವ ಕ್ರಮವನ್ನು ಶ್ರೀ ಪಡ್ರೆ ಮತ್ತು ಗೆಳೆಯರು ವಾಟ್ಸಾಪಿನಲ್ಲಿ ಹರಿಬಿಟ್ಟರು. ಹೆಸರನ್ನು ಮೊಟಕಾಗಿಸಿ ‘ಬಾಕಾಹು’ ಎಂದದ್ದು ಬಾಯಿಗೆ ಹತ್ತಿತು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಂಗಸರು ಬಾಳೆಕಾಯಿ ಹೆಚ್ಚಿ, ಒಣಗಿಸಿ, ಮಿಕ್ಸಿಯಲ್ಲಿ ಹುಡಿ ಮಾಡಿ ರೊಟ್ಟಿ, ದೋಸೆ, ಗುಲಾಬ್ ಜಾಮೂನಿನ ಫೋಟೋ ಹಾಕಿದ್ದೇ ಹಾಕಿದ್ದು. ಕೆಲವರು ಅದನ್ನು ಸಣ್ಣ ಉದ್ಯಮವಾಗಿಸಿಕೊಂಡರು.

ಒಟ್ಟು ಲೆಕ್ಕ ತೆಗೆದರೆ ಹಬ್ಬಗಳು ನಮ್ಮ ಊಟದೆಲೆಯನ್ನು ಬದಲಿಸಿವೆ, ತೋಟವನ್ನು ಅಷ್ಟಾಗಿ ಬದಲಿಸಿಲ್ಲ. ಅಡಿಕೆಗೆ ಧಾರಣೆ ಇರುವವರೆಗೆ ಗದ್ದೆ ತೋಟವಾಗುತ್ತಲೇ ಇರುತ್ತದೆ. ಎಲೆಚುಕ್ಕಿ, ಹಳದಿ ಎಲೆ ರೋಗ ಬಂದ ಕಡೆ ಮಾತ್ರ ಕೃಷಿಕರು ಬೇರೆ ಬೆಳೆಯತ್ತ ಕಣ್ಣು ಹಾಯಿಸುತ್ತಿದ್ದಾರೆ. ಆ ಹೊತ್ತಿಗೆ ಕೈಗೆ ಸಿಗುವಂತೆ ಊರಿನ ತಳಿ, ಸಸಿ, ಮಾರುವ ದಾರಿ ತಯಾರಿರಬೇಕು. ಅದನ್ನು ತಯಾರಿಡುವುದು ಕೂಟಗಳ ಕೆಲಸ.

ಕನ್ಯಾನ ಸುತ್ತಿನಲ್ಲಿ ಮುಂದಿನ ಮಳೆಗಾಲದ ಮೊದಲು ಮೇಳ ಮಾಡಲು ಹೊರಟ ಸಂಘದವರಲ್ಲಿ ಒಂದು ವಿನಂತಿ. ವೇದಿಕೆಯ ಖರ್ಚು ಅರ್ಧ ಮಾಡಿ, ಆ ದುಡ್ಡಿನಲ್ಲಿ ಇಬ್ಬರು ಕಸಿ ಕಟ್ಟುವವರನ್ನು ಕರೆಸಿ. ಗ್ರಾಮದ ಪ್ರತಿ ಮನೆಯಿಂದ ಒಂದು ಹಣ್ಣು ತರಿಸಿ, ತಿಂದು ನೋಡಿ, ಒಳ್ಳೆಯ ಮರ ಎಲ್ಲಿದೆ ಎಂದು ಬರೆದಿಡಿ. ಗುಡ್ಡೆ ಸಮ ಮಾಡುವ ಜೆಸಿಬಿ ಬರುವ ಮೊದಲು ಆ ಮರದ ಕಡ್ಡಿ ಯಾರದಾದರೂ ಹಿತ್ತಿಲಲ್ಲಿ ಚಿಗುರಿರಲಿ.