ಕೈ ಅಥಣಿಯದು, ಹೆಸರು ಕೊಲ್ಹಾಪುರದ್ದು

ಅಥಣಿ ಪೇಟೆಯಲ್ಲಿ ನಿಂತು "ಅಥಣಿ ಚಪ್ಪಲಿ ಕೊಡ್ರಿ" ಎಂದು ಕೇಳುವವರನ್ನು ನಾನಂತೂ ಕಂಡಿಲ್ಲ. ಇಲ್ಲೇ ಕತ್ತರಿಸಿ ಇಲ್ಲೇ ಹೊಲಿದ ಜೋಡನ್ನು ಕೈಯಲ್ಲಿ ಹಿಡಿದು ನಾವು ಕೇಳುವುದು "ಕೊಲ್ಹಾಪುರಿ ಎಷ್ಟ್ರೀ?" ಎಂದೇ. ನಮ್ಮ ಅಜ್ಜ ಮಾತ್ರ ಬರೀ "ಜೋಡು" ಅನ್ನುತ್ತಿದ್ದ. ಕರ್ರ್ ಕರ್ರ್ ಸಪ್ಪಳ ಕೇಳಿದರೆ ಅಜ್ಜ ಬಂದನೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಆ ಜೋಡಿಗೆ ಬೇರೆ ಊರಿನ ಹೆಸರು ಹೇಗೆ ಅಂಟಿತು, ನಮ್ಮೂರಿನದು ಯಾಕೆ ಅಂಟಲಿಲ್ಲ ಎಂದು ನಾನು ಯೋಚಿಸಿದ್ದು ತೀರಾ ಈಚೆಗೆ. ಯೋಚಿಸುವಂತೆ ಮಾಡಿದ್ದು ಇಟಲಿಯವರು.

2025ರ ಜೂನ್ 22ರಂದು ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ದೊಡ್ಡ ಫ್ಯಾಷನ್ ಕಂಪನಿಯ ಷೋ ನಡೆಯಿತು. ಗಂಡಸರ ಬೇಸಿಗೆ ಉಡುಪಿನ ಪ್ರದರ್ಶನ. ಅಲ್ಲಿ ನಡೆದು ಬಂದ ಹುಡುಗರ ಕಾಲಲ್ಲಿ ನಮ್ಮ ಜೋಡು ಇತ್ತು. ಹೆಬ್ಬೆರಳಿನ ಉಂಗುರ, ಮೇಲಿನ ಪಟ್ಟಿ, ಹೆಣೆದ ಜಡೆ ಎಲ್ಲವೂ ಅದೇ. ಕಂಪನಿ ಅದನ್ನು ಕರೆದದ್ದು "ಚರ್ಮದ ಸ್ಯಾಂಡಲ್" ಎಂದಷ್ಟೇ. ಭಾರತದ ಹೆಸರಿಲ್ಲ, ಕೊಲ್ಹಾಪುರದ್ದೂ ಇಲ್ಲ. ಮಹಾರಾಷ್ಟ್ರದ ವಾಣಿಜ್ಯ ಸಂಸ್ಥೆ ಪತ್ರ ಬರೆಯಿತು, ಫೋನುಗಳಲ್ಲಿ ಬೈಗುಳ ಹರಿದಾಡಿತು. ಕೆಲವೇ ದಿನಗಳಲ್ಲಿ ಕಂಪನಿ, ಇದು ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡಿತು.

ಆ ಗದ್ದಲದಲ್ಲಿ ನಮ್ಮ ಕಡೆಯ ದನಿ ಸಣ್ಣದಿತ್ತು. ಇವನ್ನು ಹೊಲಿಯುವವರಲ್ಲಿ ಬಹಳ ಮಂದಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದವರು ಎಂದು ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಿದರು. ಅದು ಸುದ್ದಿಯಾಯಿತು, ಮರುದಿನ ಹಳೆಯದೂ ಆಯಿತು. ಬೆಂಗಳೂರಿನಿಂದ ಫೋನ್ ಮಾಡಿದ ಪರಿಚಯದ ಪತ್ರಕರ್ತರೊಬ್ಬರು "ಅಥಣಿಯಲ್ಲೂ ಕೊಲ್ಹಾಪುರಿ ಮಾಡ್ತಾರಾ?" ಎಂದು ಕೇಳಿದಾಗ ನನಗೆ ನಗು ಬಂತು, ಸಿಟ್ಟೂ ಬಂತು.

ಮೊದಲು ತೊಗಲಿನ ಕಥೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾರೆ. ಆಮೇಲೆ ಜಾಲಿ ಮರದ ತೊಗಟೆ, ಅಳಲೆಕಾಯಿ. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆ, ಕಾಯಿ ತುಂಬಿ, ನೀರು ಹೊಯ್ದು ತೂಗುಹಾಕುತ್ತಿದ್ದರು. ಕೆಳಗೆ ಜಿನುಗಿದ ನೀರನ್ನು ಹಿಡಿದು ಮತ್ತೆ ಮೇಲಿನಿಂದ ಸುರಿಯುವುದು. ತೊಗಟೆಯ ಒಗರು ತೊಗಲಿನ ಎಳೆ ಎಳೆಗೆ ಇಳಿದರೆ ಅದು ಮುಂದೆ ಕೊಳೆಯುವುದಿಲ್ಲ. ಇದಕ್ಕೆ ವಾರಗಟ್ಟಲೆ ಬೇಕು. ಅಂಗಾಲಿನ ತಳಕ್ಕೆ ದಪ್ಪನೆಯ ಎಮ್ಮೆ ತೊಗಲು, ಮೇಲಿನ ಪಟ್ಟಿಗೆ ದನದ್ದೋ ಆಡಿನದ್ದೋ ತೆಳು ತೊಗಲು. ಮೊಳೆ ಇಲ್ಲ. ತೊಗಲಿನದೇ ಎಳೆ ಸೀಳಿ ಅದರಿಂದಲೇ ಹೊಲಿಗೆ.

ಹದ ಮಾಡುವವರು ಡೋಹರ ಸಮಾಜದವರು, ಹೊಲಿಯುವವರು ಸಮಗಾರರು. ಒಬ್ಬರ ಕೆಲಸ ನಿಂತರೆ ಇನ್ನೊಬ್ಬರದೂ ನಿಂತಂತೆ. ಹನ್ನೆರಡನೇ ಶತಮಾನದ ಶರಣರಲ್ಲಿ ಇಬ್ಬರ ಹಿರಿಯರೂ ಇದ್ದಾರೆ, ಡೋಹರ ಕಕ್ಕಯ್ಯ ಮತ್ತು ಸಮಗಾರ ಹರಳಯ್ಯ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ತೊಗಲಿನಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಆ ಕಥೆಯನ್ನು ಪುರಾಣದಲ್ಲಿ ಕೇಳಿ ಕಣ್ಣೊರೆಸಿಕೊಂಡ ಊರುಗಳಲ್ಲೇ, ಜೋಡು ಹೊಲಿದವರು ಮೇಲಿನ ಓಣಿ ದಾಟುವಾಗ ತಾವು ಹೊಲಿದ ಜೋಡನ್ನೇ ಕಾಲಿನಿಂದ ಕಳೆದು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಇದು ಹನ್ನೆರಡನೇ ಶತಮಾನದ ಮಾತಲ್ಲ. ನಮ್ಮ ಅಜ್ಜಂದಿರ ಕಾಲದ್ದು.

ಹೆಸರಿನ ಪ್ರಶ್ನೆಗೆ ಬರೋಣ. ಇಂದು ನಾವು ಕೊಲ್ಹಾಪುರವನ್ನು "ಆ ರಾಜ್ಯ" ಅನ್ನುತ್ತೇವೆ. 1956ರ ನವೆಂಬರ್ 1ಕ್ಕೆ ಮುಂಚೆ ಅಂಥ ಮಾತಿಗೆ ಅರ್ಥವಿರಲಿಲ್ಲ. ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲೇ ಇತ್ತು. ರಾಜ್ಯ ಪುನರ್ವಿಂಗಡಣೆಯಾದಾಗ ಚಂದಗಡ ತಾಲೂಕನ್ನು ಅಲ್ಲೇ ಬಿಟ್ಟು ಉಳಿದ ಜಿಲ್ಲೆ ಈ ಕಡೆ ಬಂತು. ಇಂದಿಗೂ ಅಥಣಿಯವರಿಗೆ ಜಿಲ್ಲಾ ಕೇಂದ್ರ ಬೆಳಗಾವಿಗಿಂತ ಮಿರಜ ಹತ್ತಿರ. ದವಾಖಾನೆಗೆ ಮಿರಜ, ಬಂಗಾರಕ್ಕೆ ಸಾಂಗ್ಲಿ, ಮದುವೆ ಬಟ್ಟೆಗೆ ಇಚಲಕರಂಜಿ ಅನ್ನುವ ಮನೆಗಳು ಎಷ್ಟಿಲ್ಲ? ಜೋಡೂ ಅದೇ ದಾರಿ ಹಿಡಿಯಿತು. ದೊಡ್ಡ ಪೇಟೆ ಕೊಲ್ಹಾಪುರ. ಅಲ್ಲಿ ಸಂಸ್ಥಾನವಿತ್ತು, ಕೊಳ್ಳುವವರಿದ್ದರು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಈ ಕಸುಬಿಗೆ ಬೆಂಬಲವಾಗಿ ನಿಂತರು. 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಅರ್ಧ ಪಾಲು ಮೀಸಲಿಟ್ಟ ದೊರೆ ಅವರು, ಚರ್ಮದ ಕೆಲಸವನ್ನು ಕೀಳಾಗಿ ನೋಡಿದವರಲ್ಲ. 1920ರ ದಶಕದಲ್ಲಿ ಅಲ್ಲಿನ ಸೌದಾಗರ ಮನೆತನ ದಪ್ಪ ಜೋಡನ್ನು ತೆಳುವಾಗಿಸಿ, ಎರಡು ಬದಿಗೆ ಕಿವಿಯಂಥ ಪಟ್ಟಿ ಇಟ್ಟು, "ಕಾನವಾಲಿ" ಎಂದು ಮುಂಬೈ ಅಂಗಡಿಗೆ ಕಳಿಸಿತು ಎಂದು ಕೊಲ್ಹಾಪುರದವರು ಹೇಳುತ್ತಾರೆ. ಮುಂಬೈಗೆ ಹೋದದ್ದು ಯಾವ ಪೇಟೆಯಿಂದ ಹೋಯಿತೋ ಆ ಪೇಟೆಯ ಹೆಸರೇ ನಿಂತಿತು. 1960, 70ರ ದಶಕದಲ್ಲಿ ಯುರೋಪು, ಅಮೆರಿಕದ ಹಿಪ್ಪಿ ಹುಡುಗರು ಇದನ್ನು ಮೆಟ್ಟಿ ತಿರುಗಿದಾಗ ಹೆಸರು ಇನ್ನಷ್ಟು ಗಟ್ಟಿಯಾಯಿತು.

ಇದನ್ನು ಕಳ್ಳತನ ಎಂದು ನಾನು ಕರೆಯುವುದಿಲ್ಲ. ಗುಂಟೂರಿನ ಮೆಣಸಿನಕಾಯಿ ಬ್ಯಾಡಗಿಗೆ ಬಂದು ಬ್ಯಾಡಗಿಯದಾಗುವುದನ್ನು ನಾವು ಕಂಡಿಲ್ಲವೇ? ಆದರೆ ಪೇಟೆಯ ಹೆಸರು ಗಟ್ಟಿಯಾದಷ್ಟೂ ಹೊಲಿಯುವವನ ಕೈ ಮರೆಯಾಯಿತು. ವ್ಯಾಪಾರಿಯಿಂದ ತೊಗಲು ಸಾಲಕ್ಕೆ ತರುವುದು, ಹೊಲಿದ ಜೋಡನ್ನು ಅವನಿಗೇ ಅವನು ಹೇಳಿದ ದರಕ್ಕೆ ಕೊಡುವುದು, ಇದೇ ನಡೆದುಬಂತು. ರೇಟು ಕೇಳುವ ಧೈರ್ಯ ಬರಬೇಕಾದರೆ ಕೈಯಲ್ಲಿ ಎರಡು ತಿಂಗಳ ತೊಗಲು ಇರಬೇಕು.

ಆ ಕೊಂಡಿ ಕಳಚುವ ಯತ್ನಗಳೂ ಆದವು. 1976ರಲ್ಲಿ ಕರ್ನಾಟಕ ಸರ್ಕಾರ ಚರ್ಮ ಕೈಗಾರಿಕಾ ನಿಗಮ ಸ್ಥಾಪಿಸಿತು, ನಾವು ಲಿಡ್ಕರ್ ಅನ್ನುವುದು ಅದನ್ನೇ. ಈಗ ಅದರ ಜಾಹೀರಾತಿನಲ್ಲಿ ಡಾಲಿ ಧನಂಜಯ ಕಾಣುತ್ತಾರೆ. ನನಗೆ ಇದಕ್ಕಿಂತ ಮುಖ್ಯ ಅನಿಸುವುದು 1990ರ ದಶಕದ ಕೊನೆಗೆ ಅಥಣಿಯಲ್ಲೇ ಶುರುವಾದ "ಟೋಹೋಲ್ಡ್". ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಲ್ಲಿ, ಬೆಂಗಳೂರಿನ ಅಸೆಂಟ್ ಎಂಬ ಸಂಸ್ಥೆ ಮುಂದೆ ನಿಂತು ಕಟ್ಟಿದ ಕುಶಲಕರ್ಮಿಗಳ ಕೂಟ. ಅದು ಹೆಣ್ಣುಮಕ್ಕಳನ್ನು ಸ್ವಸಹಾಯ ಸಂಘಗಳಲ್ಲಿ ಸೇರಿಸಿತು. ಈ ಕಸುಬಿನಲ್ಲಿ ತಳ ಕತ್ತರಿಸುವುದು ಗಂಡಸು, ಜಡೆ ಹೆಣೆದು ಮೇಲಿನ ಪಟ್ಟಿ ಹೊಲಿಯುವುದು ಬಹುತೇಕ ಹೆಂಗಸು, ದುಡ್ಡು ಎಣಿಸುವುದು ಮಾತ್ರ ಗಂಡಸು. ಟೋಹೋಲ್ಡ್ ಬಂದ ಮೇಲೆ ಆ ಹೆಣ್ಣುಮಕ್ಕಳ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿತು, ಅಥಣಿಯ ಜೋಡು ಅಥಣಿಯಿಂದಲೇ ಹೊರದೇಶಕ್ಕೆ ಹೋಯಿತು. ಪ್ರಾಡಾ ಬರುವುದಕ್ಕೆ ಸುಮಾರು ಇಪ್ಪತ್ತೈದು ವರ್ಷ ಮೊದಲಿನ ಮಾತು ಇದು.

ಕಾನೂನು ಆಮೇಲೆ ಬಂತು. ಸಂಸತ್ತು 1999ರಲ್ಲಿ ಭೌಗೋಳಿಕ ಸೂಚಿಕೆ ಕಾಯ್ದೆ ಮಾಡಿತು, ಜಾರಿಯಾದದ್ದು 2003ರ ಸೆಪ್ಟೆಂಬರ್ 15ಕ್ಕೆ. ಜಿಐ ಟ್ಯಾಗ್ ಎಂದು ನೀವು ಕೇಳಿರುವುದು ಇದೇ. ಡಾರ್ಜಿಲಿಂಗ್ ಚಹಾ ಮೊದಲನೆಯದು. ಟ್ರೇಡ್‌ಮಾರ್ಕ್ ಒಬ್ಬ ಮಾಲೀಕನದು, ಮಾರಬಹುದು. ಜಿಐ ಹಾಗಲ್ಲ. ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಆ ನೆಲದಲ್ಲಿ ಆ ಕೆಲಸ ಮಾಡುವವರಿಗಷ್ಟೇ ಅದು ಸಲ್ಲಬೇಕು.

ಕೊಲ್ಹಾಪುರಿ ಚಪ್ಪಲಿಗೆ ಟ್ಯಾಗ್ ಬಂದ ಸುದ್ದಿ 2019ರದ್ದು. ಮಹಾರಾಷ್ಟ್ರ ಒಂದೇ ಅದನ್ನು ಪಡೆಯಲು ಹೊರಟಿತ್ತು, ನಾವು ಅಡ್ಡ ನಿಂತು ಪಾಲು ಕೇಳಿದೆವು ಎಂದು ಖರ್ಗೆ ಹೇಳುತ್ತಾರೆ. ಕೊನೆಗೆ ಎರಡೂ ರಾಜ್ಯಗಳ ನಿಗಮಗಳಿಗೆ, ಅಂದರೆ ಅಲ್ಲಿನ ಲಿಡ್ಕಾಂ ಮತ್ತು ಇಲ್ಲಿನ ಲಿಡ್ಕರ್‌ಗೆ ಜಂಟಿಯಾಗಿ ಸಿಕ್ಕಿತು. ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ನಾಲ್ಕು, ನಾಲ್ಕು. 1956ರಲ್ಲಿ ಎಳೆದ ಗೆರೆಯನ್ನು ಒಂದು ಜೋಡು ಚಪ್ಪಲಿ ದಾಟಿತು ನೋಡಿ! ಹೆಸರು ಮಾತ್ರ ಹಳೆಯದೇ ಉಳಿಯಿತು. ಅಥಣಿಯ ಹೆಣ್ಣುಮಗಳು ಹೊಲಿದದ್ದೂ ಕಾನೂನಿನ ಪ್ರಕಾರ ಅಸಲಿ ಕೊಲ್ಹಾಪುರಿ, ಆಗ್ರಾದಲ್ಲಿ ರೆಕ್ಸಿನ್ನಿನಿಂದ ಮಾಡಿದ್ದು ನಕಲಿ. ನಕಲಿಗೆ ಈ ಹೆಸರಿಟ್ಟು ಮಾರಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷ ದಂಡ ಎಂದು ಕಾಯ್ದೆ ಹೇಳುತ್ತದೆ. ಜಾತ್ರೆಯ ಅಂಗಡಿಗಳಲ್ಲಿ ರೆಕ್ಸಿನ್ "ಕೊಲ್ಹಾಪುರಿ" ಗುಡ್ಡೆ ಹಾಕಿ ಮಾರುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಟ್ಯಾಗ್ ಸಿಕ್ಕಿತು, ತೊಗಲು ಸಿಗದಾಯಿತು. 2015ರಲ್ಲಿ ಮಹಾರಾಷ್ಟ್ರ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿತು. ಕರ್ನಾಟಕದ ಕಾನೂನು 2021ರಲ್ಲಿ ಜಾರಿಗೆ ಬಂತು, 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ. ಕಾನೂನು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಸತ್ತ ದನದ ತೊಗಲು ಸಾಗಿಸಲೂ ದಾರಿಯಲ್ಲಿ ಯಾರು ತಡೆಯುತ್ತಾರೋ ಎಂಬ ಅಂಜಿಕೆಯಿಂದ ಡೋಹರ ಓಣಿಯ ಹುಡುಗರು ಕಸುಬು ಬಿಟ್ಟಿದ್ದಂತೂ ನನ್ನ ಕಣ್ಣೆದುರೇ ಇದೆ. ಹೊಲಿಯುವವರು ಈಗ ಹೊರಗಿನಿಂದ ಬಂದ ಹದ ಮಾಡಿದ ತೊಗಲನ್ನು ನೆಚ್ಚಿದ್ದಾರೆ.

ಅದರಲ್ಲಿ ಇನ್ನೊಂದು ತೊಡಕಿದೆ. ದೊಡ್ಡ ಕಾರ್ಖಾನೆಗಳ ತೊಗಲು ಬಹುತೇಕ ಕ್ರೋಮಿಯಂ ಎಂಬ ಲೋಹದ ಉಪ್ಪಿನಲ್ಲಿ ಹದವಾದದ್ದು. ವಾರಗಟ್ಟಲೆಯ ಕೆಲಸ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಸರಿಯಾಗಿ ಮಾಡದಿದ್ದರೆ ಅದರಲ್ಲಿ ಕ್ರೋಮಿಯಂನ ಕೆಟ್ಟ ರೂಪ ಉಳಿದು ಚರ್ಮಕ್ಕೆ ತುರಿಕೆ, ಅಲರ್ಜಿ ತರುತ್ತದೆ. ಅದಕ್ಕೇ ಯುರೋಪಿನಲ್ಲಿ 2015ರ ಮೇ 1ರಿಂದ ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಅದು ಕಿಲೋಗೆ 3 ಮಿಲಿಗ್ರಾಂ ಮುಟ್ಟುವಂತಿಲ್ಲ. ಜಾಲಿ ತೊಗಟೆಯ ತೊಗಲಿಗೆ ಕ್ರೋಮಿಯಂ ಹಾಕುವುದೇ ಇಲ್ಲ. ನಮ್ಮ ಹಿರಿಯರು ವಾಸನೆಯ ಕೆಲಸ ಎಂದು ಊರಾಚೆ ತಳ್ಳಿದ ವಿದ್ಯೆಯನ್ನೇ ಯುರೋಪಿನ ಕೊಳ್ಳುವವರು ಹುಡುಕಿಕೊಂಡು ಬರುವ ಕಾಲದಲ್ಲಿ, ಅದನ್ನು ಬಲ್ಲ ಕೈಗಳು ಕಡಿಮೆಯಾಗುತ್ತಿವೆ.

ಮತ್ತೆ ಪ್ರಾಡಾಕ್ಕೆ ಬಂದರೆ, ಪರಿಹಾರ ಕೊಡಿಸಿ ಎಂದು ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2025ರ ಜುಲೈನಲ್ಲಿ ಕೋರ್ಟು ಅದನ್ನು ವಜಾ ಮಾಡಿತು. ಜಿಐ ಇರುವುದು ನಿಗಮಗಳ ಹೆಸರಿನಲ್ಲಿ, ಕೇಳುವುದಿದ್ದರೆ ಅವರೇ ಬರಬೇಕು ಎಂಬುದು ಅದರ ತಿರುಳು. ಮೇಲಾಗಿ ಭಾರತದ ಜಿಐ ಭಾರತದ ಗಡಿಯೊಳಗೆ ಮಾತ್ರ ನಡೆಯುತ್ತದೆ, ಮಿಲಾನಿನಲ್ಲಿ ಅದಕ್ಕೆ ಬಲವಿಲ್ಲ. ಡಿಸೆಂಬರ್‌ನಲ್ಲಿ ಕಂಪನಿಯೂ ಎರಡೂ ನಿಗಮಗಳೂ ಮುಂಬೈಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸಿ, ಒಂದಕ್ಕೆ ಸುಮಾರು 800 ಯೂರೋ ದರದಲ್ಲಿ, ಅಂದರೆ ಎಂಬತ್ತು ಸಾವಿರ ರೂಪಾಯಿಗೂ ಮೇಲೆ, ಮಾರುವ ಯೋಜನೆ. ಅದೇ ತಿಂಗಳ 1ರಿಂದ ಯುರೋಪ್ ಒಕ್ಕೂಟದಲ್ಲಿ ಕೈಕಸುಬಿನ ವಸ್ತುಗಳಿಗೂ ಜಿಐ ನೋಂದಣಿ ಶುರುವಾಗಿದೆ, ಹೊರದೇಶದವರೂ ಅರ್ಜಿ ಹಾಕಬಹುದು. ನಮ್ಮ ನಿಗಮಗಳು ಅಲ್ಲಿ ಅರ್ಜಿ ಹಾಕಲಿ ಎಂದು ಕೇಳುವ ಹಕ್ಕು ಎಂಟು ಜಿಲ್ಲೆಯ ಪ್ರತಿ ಸಮಗಾರನಿಗೂ ಇದೆ.

ಈ ಕಥೆಯನ್ನು ಅಥಣಿಯಲ್ಲಿ ಜೋಡು ಹೊಲಿಯುವ ಹಿರಿಯರೊಬ್ಬರಿಗೆ ಹೇಳಿದೆ. ರಂಪಿಗೆ ಕೆಳಗಿಟ್ಟು ಕೇಳಿದರು: "ಎಲ್ಲಾ ಖರೇ ತಮ್ಮಾ, ಆ ಜಿಐ ಪುಸ್ತಕದಾಗ ನನ್ನ ಹೆಸರು ಐತೇನ?"

ಆ ಪುಸ್ತಕಕ್ಕೆ ಎರಡು ಭಾಗ. ಮೊದಲ ಭಾಗದಲ್ಲಿ ವಸ್ತುವಿನ ಹೆಸರು, ಅದರ ಒಡೆತನ ಹೊತ್ತ ಸಂಸ್ಥೆ. ಎರಡನೆಯದರಲ್ಲಿ "ಅಧಿಕೃತ ಬಳಕೆದಾರ" ಎಂದು ಒಬ್ಬೊಬ್ಬ ಕಸುಬುದಾರನ ಹೆಸರು. ಜಿಐ ಹೆಸರನ್ನು ತನ್ನ ಮಾಲಿಗೆ ಹಚ್ಚುವ ಹಕ್ಕು, ನಕಲಿಯವರ ಮೇಲೆ ತಾನೇ ಕೋರ್ಟಿಗೆ ಹೋಗುವ ಹಕ್ಕು ಈ ಎರಡನೇ ಭಾಗದಲ್ಲಿ ಇದ್ದವರಿಗೆ. ಅವರು ತೀರಿಕೊಂಡರೆ ಹಕ್ಕು ವಾರಸುದಾರರಿಗೆ ಹೋಗುತ್ತದೆ. 2020ರ ನಿಯಮ ತಿದ್ದುಪಡಿಯ ನಂತರ ಅರ್ಜಿ ಶುಲ್ಕ ಹತ್ತು ರೂಪಾಯಿ. ಅರ್ಜಿ ಹೋಗಬೇಕಾದದ್ದು ಚೆನ್ನೈನ ಜಿಐ ನೋಂದಣಿ ಕಚೇರಿಗೆ.

ಅವರ ಹೆಸರು ಅದರಲ್ಲಿ ಇರಲಿಲ್ಲ. "ಹತ್ತು ರೂಪಾಯಿ ನಾ ಕೊಡ್ತೀನಿ, ಫಾರಂ ನೀ ತುಂಬು" ಅಂದರು. ಅವರ ಮಗಳ ಹೆಸರಿಗೂ ಒಂದು ಬೇಕಂತೆ, ಜಡೆ ಹೆಣೆಯುವುದು ಅವಳೇ. ಮುಂದಿನ ರವಿವಾರ ಎರಡು ಫಾರಂ ತಗೊಂಡು ಹೋಗುವವನಿದ್ದೇನೆ.