ತಂತಿಯ ಆಚೆ ತುದಿಯ ಗಣಕ



ಗಣಕಯಂತ್ರದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಓದುತ್ತೇವೆ. ಯಾವುದು ಮೊದಲು ಬಂತು, ಯಾವುದು ವೇಗವಾಗಿತ್ತು, ಯಾರು ತಯಾರಿಸಿದರು, ಇಷ್ಟರಲ್ಲಿ ಪಾಠ ಮುಗಿಯುತ್ತದೆ. ಈ ವಾರದ ಮಾತು ಒಂದು ಕೈಪಿಡಿಯ ಚರಿತ್ರೆಯನ್ನು ಕುರಿತದ್ದು. ನೀವು ಬೆಳ್ಳಾವಿಯಲ್ಲಿ ಓದುತ್ತಿರಿ, ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರಿ, ಈ ಕೈಪಿಡಿ ನಿಮ್ಮ ಕೈಗೆ ಸಿಗುವಂಥದ್ದೇ. ಅದರ ಬೆಲೆ ಸೊನ್ನೆ ರೂಪಾಯಿ.

ಮೊದಲು ಸಮಸ್ಯೆಯನ್ನು ತಿಳಿಯೋಣ. ಗಣಕದ ಯಂತ್ರಾಂಗಗಳನ್ನೂ ನಾವು ಬಳಸುವ ಕಾರ್ಯಕ್ರಮಗಳನ್ನೂ ನಡುವೆ ನಿಂತು ನಡೆಸುವುದು ಆಪರೇಟಿಂಗ್ ಸಿಸ್ಟಂ. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. ಸಾಧಾರಣ ಕಾರ್ಯಕ್ರಮವೊಂದು ಕೆಟ್ಟರೆ ಅದನ್ನು ನಿಲ್ಲಿಸಿ ಪರೀಕ್ಷಿಸಲು ಡೀಬಗರ್ ಎಂಬ ಸಾಧನವಿದೆ. ಆದರೆ ಕರ್ನಲ್ಲೇ ಕೆಟ್ಟು ನಿಂತರೆ? ಡೀಬಗರ್ ಕೂಡ ಆ ಕರ್ನಲ್ಲಿನ ಆಶ್ರಯದಲ್ಲೇ ಓಡಬೇಕಲ್ಲವೇ? ಮೂರ್ಛೆ ಹೋದವನು ತನ್ನ ನಾಡಿಯನ್ನು ತಾನೇ ಹಿಡಿದು ನೋಡಲಾರ. ಆದ್ದರಿಂದ ಪಕ್ಕದಲ್ಲಿ ಇನ್ನೊಂದು ಗಣಕವನ್ನಿಟ್ಟು, ಎರಡರ ನಡುವೆ ಒಂದು ತಂತಿ ಎಳೆದು, ಆರೋಗ್ಯವಂತ ಯಂತ್ರದಿಂದ ರೋಗಿಯನ್ನು ಪರೀಕ್ಷಿಸುವ ಪದ್ಧತಿ ಬಂತು.

ಆ ತಂತಿ ಸೀರಿಯಲ್ ಕೇಬಲ್. ಅದರ ಆರ್‌ಎಸ್-232 ಎಂಬ ನಿಯಮ 1960ರದು; ಮೋಡೆಮ್ ಜೋಡಿಸಲೆಂದು ಹುಟ್ಟಿದ್ದು. ಎರಡು ಗಣಕಗಳನ್ನು ನೇರವಾಗಿ ಜೋಡಿಸುವಾಗ ಒಂಬತ್ತು ಮೊಳೆಯ ಕನೆಕ್ಟರಿನಲ್ಲಿ 2 ಮತ್ತು 3ನೆಯ ತಂತಿಗಳನ್ನು ಅದಲು ಬದಲು ಮಾಡಬೇಕು: ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ. 5ನೆಯದು ನೆಲದ ತಂತಿ, ಅದು ನೇರ. ಇಷ್ಟನ್ನು ಯಾರಾದರೂ ಬರೆದಿಡದಿದ್ದರೆ, ಅಂಗಡಿಯಿಂದ ನೇರ ಕೇಬಲ್ ತಂದ ಹುಡುಗ ಎರಡು ದಿನ ತಲೆ ಕೆಡಿಸಿಕೊಂಡು ಕೂರುವುದು ಖಂಡಿತ. ಬಾಯಿಂದ ಬಾಯಿಗೆ ಬಂದ ವಿದ್ಯೆ ಬಲ್ಲವರ ನೆರೆಯಲ್ಲಿದ್ದವರಿಗೆ ಮಾತ್ರ ಸಿಗುತ್ತದೆ. ದೂರದಲ್ಲಿದ್ದವನಿಗೆ ಕಾಗದವೇ ಗುರು.

1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಯೋಜನೆಗಾಗಿ ಜಿಡಿಬಿ ಎಂಬ ಡೀಬಗರನ್ನು ಬರೆದರು. ತಂತಿಯ ಮೇಲೆ ಅದು ಆಡುವ ಭಾಷೆ ಬಹಳ ಸರಳ. ಮೊದಲು ಡಾಲರ್ ಚಿಹ್ನೆ, ಆಮೇಲೆ ಸಂದೇಶ, ಹ್ಯಾಷ್ ಚಿಹ್ನೆ, ಕೊನೆಗೆ ತಾಳೆ ನೋಡಲು ಎರಡು ಅಂಕಿ. "ನಿನ್ನ ರಿಜಿಸ್ಟರುಗಳಲ್ಲಿ ಏನಿದೆ?" ಎಂದು ಕೇಳಲು ಕಳಿಸುವುದು ಇಂಗ್ಲಿಷಿನ ಸಣ್ಣ ಜಿ ಅಕ್ಷರವೊಂದನ್ನೇ. ಆ ಅಕ್ಷರದ ಸಂಕೇತಸಂಖ್ಯೆ 103, ಹದಿನಾರರ ಪದ್ಧತಿಯಲ್ಲಿ 67. ಆದ್ದರಿಂದ ಕೊನೆಯ ಎರಡು ಅಂಕಿ 67. ಸಂದೇಶ ಸರಿಯಾಗಿ ತಲುಪಿದರೆ ಆಚೆಯಿಂದ ಕೂಡುವ ಚಿಹ್ನೆ ಬರುತ್ತದೆ. ತಲುಪದಿದ್ದರೆ ಕಳೆಯುವ ಚಿಹ್ನೆ, ಅಂದರೆ ಮತ್ತೆ ಕಳಿಸು ಎಂದರ್ಥ. ಸೆಕೆಂಡಿಗೆ 1,15,200 ಬಿಟ್‌ಗಳ ವೇಗದಲ್ಲಿ, ಅಕ್ಷರಕ್ಕೆ ಹತ್ತು ಬಿಟ್‌ಗಳಂತೆ, ಸುಮಾರು ಹನ್ನೊಂದೂವರೆ ಸಾವಿರ ಅಕ್ಷರಗಳು ಸಾಗುತ್ತವೆ. ಎರಡೂ ಕಡೆ ವೇಗ ಒಂದೇ ಇರದಿದ್ದರೆ ಬರುವುದು ಬರೀ ಕಸ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲನ್ನು ಹೊರತಂದರು. ಅವರಿಗೆ ಡೀಬಗರ್ ಕಂಡರೆ ಆಗದು. ಅದು ಕೈಗೆ ಸಿಕ್ಕರೆ ಜನ ಯೋಚಿಸದೆ ಮೇಲುಮೇಲಿನ ತೇಪೆ ಹಾಕುತ್ತಾರೆ, ಕೋಡನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಸರಿ ಎಂಬುದು 2000ದ ವೇಳೆಗೆ ಅವರು ಬಹಿರಂಗವಾಗಿ ಹೇಳಿದ ವಾದ. ವಾದದಲ್ಲಿ ಸತ್ವವಿದೆ. ಆದರೆ ಕೋಡನ್ನು ಈಗಷ್ಟೇ ಓದತೊಡಗಿದವನಿಗೆ, ಓಡುವ ಕರ್ನಲ್ಲನ್ನು ಸಾಲುಸಾಲಾಗಿ ನಿಲ್ಲಿಸಿ ನೋಡುವುದಕ್ಕಿಂತ ಒಳ್ಳೆಯ ಪಾಠ ಯಾವುದು? ಈ ಒಂದು ವಿಷಯದಲ್ಲಿ ನಾನು ಲಿನಸ್ ಅವರ ಪಕ್ಷವಲ್ಲ.

ಹೀಗಾಗಿ ಕೆಜಿಡಿಬಿ ಎಂಬ ಸಾಧನ ಬಹುಕಾಲ ಕರ್ನಲ್ಲಿನ ಹೊರಗೇ, ತೇಪೆಯ ರೂಪದಲ್ಲೇ ಉಳಿಯಿತು. ಅದನ್ನು ಆ ವರ್ಷಗಳಲ್ಲಿ ಸಾಕಿ ಬೆಳೆಸಿದವರಲ್ಲಿ ಮುಖ್ಯರು ನಮ್ಮ ನೆರೆಯ ಪುಣೆಯ ಅಮಿತ್ ಕಾಳೆ. ಹೊರಗಿದ್ದುದರ ಕಷ್ಟವೇನೆಂದರೆ, ಕರ್ನಲ್ಲಿನ ಪ್ರತಿ ಆವೃತ್ತಿಗೂ ಬೇರೆ ತೇಪೆ ಬೇಕು, ಕೈಪಿಡಿ ಬೇರೆಲ್ಲೋ ಇರುತ್ತದೆ. ನೀವು ಓದುವ ಪುಟ ನಿಮ್ಮ ಆವೃತ್ತಿಯದೋ ಹಳೆಯದೋ ಎಂದು ಹೇಳುವವರಿಲ್ಲ. 2008ರ ಜುಲೈನಲ್ಲಿ, 2.6.26ನೆಯ ಆವೃತ್ತಿಯಲ್ಲಿ, ಕೆಜಿಡಿಬಿ ಕೊನೆಗೂ ಒಳಗೆ ಸೇರಿತು. ಅದಕ್ಕೆ ಶ್ರಮಿಸಿದ ಜೇಸನ್ ವೆಸಲ್ ಅದೇ ವರ್ಷ ಮಾರ್ಚಿನಲ್ಲಿ ಕೈಪಿಡಿಯನ್ನು ಪೂರ್ತಿ ಹೊಸದಾಗಿ ಬರೆದಿದ್ದರು. ಹಿಂದಿನ ಬರಹಕ್ಕೆ ಕೈಜೋಡಿಸಿದ ಅಮಿತ್ ಕಾಳೆ, ಟಾಮ್ ರಿನಿ ಇವರ ಹೆಸರುಗಳು ಕೈಪಿಡಿಯ ಕೊನೆಯಲ್ಲಿ ಇಂದಿಗೂ ಇವೆ. ಕೋಡೂ ಕೈಪಿಡಿಯೂ ಒಂದೇ ಕಣಜದಲ್ಲಿ ಬಿದ್ದದ್ದರಿಂದ, ಕೋಡನ್ನು ತಿದ್ದಿದವನೇ ಕೈಪಿಡಿಯ ಸಾಲನ್ನೂ ತಿದ್ದುವುದು ಸಾಧ್ಯವಾಯಿತು.

ತಿದ್ದುವ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಒಂದು ಉದಾಹರಣೆ ನೋಡಿ. ಪ್ರತಿ ಸಲ ಆರಂಭವಾದಾಗಲೂ ಕರ್ನಲ್ ಸ್ಮೃತಿಯಲ್ಲಿ ಬೇರೆ ಬೇರೆ ಜಾಗದಲ್ಲಿ ಕೂರುವ ಭದ್ರತಾ ಏರ್ಪಾಡು ಆಮೇಲೆ ಬಂತು. ಅದಕ್ಕೆ ಕೆಎಎಸ್‌ಎಲ್‌ಆರ್ ಎನ್ನುತ್ತಾರೆ. ಕಳ್ಳನಿಗೆ ಮನೆ ಸಿಗಬಾರದೆಂಬ ಉಪಾಯ. ಆದರೆ ವೈದ್ಯನಿಗೂ ಸಿಗುವುದಿಲ್ಲ! ಜಿಡಿಬಿಯ ಕೈಯಲ್ಲಿರುವ ವಿಳಾಸಪಟ್ಟಿ ಹಳೆಯದು, ರೋಗಿ ಇರುವುದು ಬೇರೆಡೆ. ಇದರಿಂದ ಜಿಡಿಬಿ ಗೊಂದಲಕ್ಕೆ ಬೀಳುತ್ತದೆ, ಪರೀಕ್ಷೆಯ ವೇಳೆ ಆ ಏರ್ಪಾಡನ್ನು ನಿಲ್ಲಿಸುವುದು ಒಳ್ಳೆಯದು ಎಂಬ ಎರಡು ಮೂರು ಸಾಲು ಈಗ ಕೈಪಿಡಿಯಲ್ಲಿದೆ. ಆ ಸಾಲುಗಳು ಎಷ್ಟು ಜನರ ನಿದ್ದೆ ಉಳಿಸಿವೆಯೋ.

ನಮ್ಮ ನಾಡಿನ ಪಾಲೂ ಇದೆ. ತಂತಿಯಿಲ್ಲದೆ, ಕರ್ನಲ್ಲನ್ನು ನಿಲ್ಲಿಸದೆಯೇ ಅದರೊಳಗೆ ಇಣುಕುವ ಕೆಪ್ರೋಬ್ಸ್ ಎಂಬ ಸಾಧನವನ್ನು ಮೊದಲು ರಚಿಸಿದವರು ಐಬಿಎಂನ ಭಾರತ ಶಾಖೆಯ ವಂಶಿ ಕೃಷ್ಣ. ಅದಕ್ಕೆ ಜೆಪ್ರೋಬ್ ಎಂಬ ಭಾಗವನ್ನು 2004ರಲ್ಲಿ ಸೇರಿಸಿದವರು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಪರ್ಣಾ ಭಟ್ಟಾಚಾರ್ಯ. ಕೆಪ್ರೋಬ್ಸ್ ಕೈಪಿಡಿಯ ಲೇಖಕರಲ್ಲಿ ಅದೇ ಸಂಸ್ಥೆಯ ಪ್ರಸನ್ನ ಪಂಚಮುಖಿ ಒಬ್ಬರು. 2018ರಲ್ಲಿ ಜೆಪ್ರೋಬನ್ನು ತೆಗೆದುಹಾಕಲಾಯಿತು. ಕೈಪಿಡಿ ಮಾತ್ರ ಅದನ್ನು ಸುಮ್ಮನೆ ಅಳಿಸಿಬಿಡಲಿಲ್ಲ. ಇದು ಬಳಕೆಯಿಂದ ಹೋದದ್ದು, ಇದನ್ನೇ ನಂಬಿದ್ದವರು ಬೇರೆ ಸಾಧನಕ್ಕೆ ಹೋಗಿ ಎಂಬ ಟಿಪ್ಪಣಿಯನ್ನು ಉಳಿಸಿತು. ಹಳೆಯ ಪುಸ್ತಕ ಓದಿ ಬಂದವನಿಗೆ ಈ ಸೌಜನ್ಯ ಬೇಕು.

ನಿಮ್ಮಲ್ಲಿ ಆಸಕ್ತರಿಗೆ ಎರಡು ಗಣಕಗಳೇನೂ ಬೇಕಿಲ್ಲ. ಕ್ಯೂಎಮು ಎಂಬ ಉಚಿತ ತಂತ್ರಾಂಶ ಒಂದೇ ಯಂತ್ರದೊಳಗೆ ಇನ್ನೊಂದು ಯಂತ್ರವನ್ನೂ ನಡುವಿನ ಸೀರಿಯಲ್ ತಂತಿಯನ್ನೂ ನಟಿಸಿ ತೋರಿಸುತ್ತದೆ. ಕೆಜಿಡಿಬಿ ಕೈಪಿಡಿಯನ್ನು ಎದುರಿಗಿಟ್ಟುಕೊಂಡು, ಏನನ್ನೂ ಊಹಿಸದೆ, ಬರೆದಷ್ಟನ್ನೇ ಮಾಡುತ್ತಾ ಹೋಗಿ. ಎಲ್ಲಿ ಮುಂದೆ ಹೆಜ್ಜೆ ಇಡಲಾಗಲಿಲ್ಲವೋ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ. ಅಲ್ಲಿ ಏನು ಬರೆದಿರಬೇಕಿತ್ತೆಂದು ನೀವೇ ಬರೆದು, ಆ ಭಾಗವನ್ನು ನೋಡಿಕೊಳ್ಳುವವರಿಗೆ ಅಂಚೆಯಲ್ಲಿ, ಅಂದರೆ ಇ-ಅಂಚೆಯಲ್ಲಿ, ಕಳಿಸಿ. ಅವರ ಹೆಸರು ವಿಳಾಸಗಳು ಕರ್ನಲ್ಲಿನ ಜೊತೆಗೇ ಬರುವ ಮೇಂಟೇನರ್ಸ್ ಎಂಬ ಕಡತದಲ್ಲಿವೆ.