ರೈಲು ಮುಟ್ಟದ ಸೀಮೆಯ ಛಾಯಾಚಿತ್ರಗಳು

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳೆಂಬ ನಾಲ್ಕು ಊರುಗಳಿಗೆ ನಾಡಿನ ಇತಿಹಾಸದಲ್ಲಿ ಸಂದಿರುವ ಸ್ಥಾನವು ಎಷ್ಟು ಉನ್ನತವೋ ಅವುಗಳ ಹಳೆಯ ಛಾಯಾಚಿತ್ರಗಳು ಅಷ್ಟೇ ವಿರಳ. ಇದಕ್ಕೆ ಮೊದಲ ಕಾರಣವು ಕಾಲಕ್ಕೆ ಸಂಬಂಧಿಸಿದುದು. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟುದು 1829ರಲ್ಲಿ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದುದು 1831ರಲ್ಲಿ. ಫ್ರಾನ್ಸಿನ ಡಾಗೇರನು ಕಂಡುಹಿಡಿದ ಛಾಯಾಗ್ರಹಣ ವಿಧಾನವು ಲೋಕಕ್ಕೆ ಪ್ರಕಟವಾದುದಾದರೋ 1839ರಲ್ಲಿ. ಇಂದು ಮನೆಮನೆಯ ಗೋಡೆಯ ಮೇಲೆ ನಾವು ಕೈಮುಗಿಯುವ ಆ ವೀರಮುಖಗಳು ಚಿತ್ರಕಾರರ ಭಕ್ತಿಯಿಂದ ಮೂಡಿದವೇ ಹೊರತು ಕ್ಯಾಮೆರಾ ಕಂಡವುಗಳಲ್ಲ. ಕಿತ್ತೂರಿನ ಪಾಲಿಗೆ ಛಾಯಾಗ್ರಹಣವು ಬಂದು ಸೇರುವ ವೇಳೆಗೆ ಅಲ್ಲಿ ಉಳಿದಿದ್ದುದು ಕೆಡವಿದ ಅರಮನೆ, ಕೋಟೆಯ ಮಣ್ಣು, ನೀರಿಲ್ಲದ ಕಂದಕ.

ಎರಡನೆಯ ಕಾರಣವು ಹಾದಿಯದು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಧಾರವಾಡ, ಲೋಂಡಾ, ಬೆಳಗಾವಿಗಳನ್ನು ಕೂಡಿಸಿ ಹಳಿಗಳನ್ನು ಹಾಸಿದಾಗ, ಕಿತ್ತೂರು, ಬೈಲಹೊಂಗಲ, ಸವದತ್ತಿಗಳನ್ನೊಳಗೊಂಡ ಆಗಿನ ಸಂಪಗಾವಿ ಮತ್ತು ಪರಸಗಡ ತಾಲೂಕುಗಳ ವಿಶಾಲವಾದ ಎರಿಭೂಮಿಯೂ ಅದರಾಚೆಯ ರಾಮದುರ್ಗ ಸಂಸ್ಥಾನವೂ ಆ ಮಾರ್ಗದಿಂದ ದೂರವೇ ಉಳಿದವು. ಈ ಸೀಮೆಯನ್ನು ನೋಡಬಯಸಿದವನಿಗೆ ಕಾಲ್ನಡಿಗೆ, ಕುದುರೆ, ಚಕ್ಕಡಿಗಳಲ್ಲದೆ ಅನ್ಯ ಗತಿಯಿರಲಿಲ್ಲ.

ಕನ್ನಡ ನಾಡಿನ ದೇಗುಲಗಳನ್ನು ಮೊದಮೊದಲು ಛಾಯಾಚಿತ್ರಗಳಲ್ಲಿ ಸೆರೆಹಿಡಿದವರಲ್ಲಿ ಪ್ರಮುಖರು ಮುಂಬಯಿ ಸರಕಾರದ ನಿಯೋಗದ ಮೇಲೆ ಬಂದ ಅಧಿಕಾರಿಗಳು. 1855ರಲ್ಲಿ ತೋಪುಖಾನೆಯ ಥಾಮಸ್ ಬಿಗ್ಸ್, ಅವನ ತರುವಾಯ ವೈದ್ಯನಾದ ಪಿಗೂ, ಇವರು ತೆಗೆದ ಚಿತ್ರಗಳು ನೀಲ್ ಎಂಬವನ ಚಿತ್ರಗಳೊಡನೆ 1866ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುವನ್ನು ಕುರಿತ ಬೃಹದ್ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದವು. 1874ರ ಜನವರಿಯಿಂದ ಮೇ ತಿಂಗಳವರೆಗೆ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿ ಸಂಚರಿಸಿ ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣದ ಪ್ರಥಮ ವರದಿಯನ್ನು ಸಿದ್ಧಪಡಿಸಿದನು. ಬರ್ಜೆಸನ ಕಾಲದ ಛಾಯಾಗ್ರಾಹಕನ ಶ್ರಮವನ್ನು ನೆನೆದರೆ ಗೌರವವುಂಟಾಗುತ್ತದೆ: ಗಾಜಿನ ಹಲಗೆಗೆ ಕೊಲೋಡಿಯನ್ ದ್ರವವನ್ನು ಸವರಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿ ಆರುವುದರೊಳಗಾಗಿ ಚಿತ್ರ ತೆಗೆದು, ಕೂಡಲೇ ಅಲ್ಲಿಯೇ ಕತ್ತಲೆಯ ಡೇರೆಯೊಳಗೆ ಅದನ್ನು ತೊಳೆಯಬೇಕಾಗಿತ್ತು, ಇಷ್ಟೆಲ್ಲ ಸಾಮಗ್ರಿಯನ್ನು ಎತ್ತಿನ ಗಾಡಿಗಳ ಮೇಲೆ ಹೇರಿಕೊಂಡೇ ಊರೂರು ಅಲೆಯಬೇಕಾಗಿತ್ತು. ಅವರ ಋಣ ನಮ್ಮ ಮೇಲೆ ದೊಡ್ಡದು. ಆದರೆ ಅವರ ದೃಷ್ಟಿ ನೆಟ್ಟುದು ಶಾಸನ, ಸ್ತಂಭ, ಶಿಖರಗಳ ಮೇಲೆ. ಊರಿನ ಮನುಷ್ಯನು ಆ ಚಿತ್ರಗಳಲ್ಲಿ ಕಾಣಿಸಿಕೊಂಡರೂ ಬಹುಮಟ್ಟಿಗೆ ಕಂಬದ ಎತ್ತರವನ್ನು ತೋರಿಸುವುದಕ್ಕಾಗಿ ಅದರ ಪಕ್ಕದಲ್ಲಿ ನಿಂತವನು.

ಈ ಸ್ಥಿತಿಯನ್ನು ಬದಲಿಸಿದ ಎರಡು ಯಂತ್ರಗಳು ಹೆಚ್ಚುಕಡಿಮೆ ಅವಳಿಗಳಂತೆಯೇ ಹುಟ್ಟಿದವು. ಸಮಗಾತ್ರದ ಗಾಲಿಗಳುಳ್ಳ ಸೈಕಲ್ಲನ್ನು ಇಂಗ್ಲೆಂಡಿನ ಸ್ಟಾರ್ಲಿ ರೂಪಿಸಿದುದು 1885ರಲ್ಲಿ; ಡನ್‌ಲಪ್ ಗಾಳಿ ತುಂಬುವ ಟಾಯರನ್ನು ಸಿದ್ಧಪಡಿಸಿದುದೂ, ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾವನ್ನು ಮಾರಾಟಕ್ಕೆ ತಂದುದೂ ಒಂದೇ ವರ್ಷ, 1888ರಲ್ಲಿ. ಗಾಜಿನ ಹಲಗೆಯು ಗಾಡಿಯ ಕುಲುಕಾಟಕ್ಕೆ ಒಡೆಯುವಂಥದು. ಸುರುಳಿ ಫಿಲ್ಮಿಗೆ ಆ ಭಯವಿಲ್ಲ. ಪಶ್ಚಿಮ ದೇಶಗಳಲ್ಲಿ ಸೈಕಲ್ ಸವಾರರಿಗೆಂದೇ ಮಡಚುವ ಕ್ಯಾಮೆರಾಗಳು ಅಂಗಡಿಗೆ ಬಂದವು. ನಮ್ಮಲ್ಲಿ ಪರದೇಶದಿಂದ ತರಿಸಿದ ಸೈಕಲ್ಲು ಬಹುಕಾಲ ವಕೀಲರು, ಅಧಿಕಾರಿಗಳು, ಅನುಕೂಲಸ್ಥರು ಇವರ ಸ್ವತ್ತಾಗಿದ್ದಿತು. ಸ್ವಾತಂತ್ರ್ಯದ ಆಚೀಚೆಗೆ ಮುಂಬಯಿ, ಮದ್ರಾಸು, ಪಂಜಾಬುಗಳ ಕಾರಖಾನೆಗಳು ತೆರೆದ ಮೇಲೆ ಶಾಲೆಯ ಮಾಸ್ತರರಿಗೂ ಅದು ಎಟುಕಿ, ಕೈಗಡಿಯಾರದ ಜೊತೆಗೆ ಅಳಿಯನಿಗೆ ಕೊಡುವ ಉಡುಗೊರೆಗಳ ಸಾಲಿಗೂ ಸೇರಿತು. ಪೌರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಾಗಿತ್ತು, ಕತ್ತಲಾದೊಡನೆ ದೀಪ ಹಚ್ಚಬೇಕಾಗಿತ್ತು; ಇಷ್ಟು ನಿಬಂಧನೆಗಳನ್ನು ಬಿಟ್ಟರೆ ಸವಾರನು ತನ್ನ ದಾರಿಗೆ ತಾನೇ ಅರಸಾಗಿದ್ದನು.

ಅಂಥ ಸವಾರನು ಕಿತ್ತೂರಿನಿಂದ ಹೊರಟು ಸಮೀಪದ ದೇಗಾವಿಗೆ ಹೋದರೆ, ಗೋವೆಯ ಕದಂಬರ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇಗುಲ. ಒಂದೇ ಸಾಲಿನಲ್ಲಿ ಮೂರು ಗರ್ಭಗೃಹಗಳಿರುವ ಆ ಮಂಟಪದ ಕತ್ತಲೆಯು ಸಾಧಾರಣ ಪೆಟ್ಟಿಗೆ ಕ್ಯಾಮೆರಾಕ್ಕೆ ನಿಲುಕುವಂಥದಲ್ಲ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ, ಅರಳೆಯ ಪೇಟೆ. ಅಲ್ಲಿಂದ ಮೂಡಲಿಗೆ ಸೊಗಲದ ಜಲಪಾತ. ಸವದತ್ತಿಯೋ ರಟ್ಟ ಅರಸರ ಕಾಲದ ಸುಗಂಧವರ್ತಿ. ಅದರ ಸುತ್ತಿನಲ್ಲಿ ಎಲ್ಲಮ್ಮನ ಗುಡ್ಡ, ಹೂಲಿಯ ಪಂಚಲಿಂಗೇಶ್ವರ, ಬೆಟ್ಟವನ್ನು ಸೀಳಿಕೊಂಡು ಮಲಪ್ರಭೆ ಹೊರಡುವ ನವಿಲುತೀರ್ಥ. 1948ರವರೆಗೆ ರಾಮದುರ್ಗಕ್ಕೆ ಹೋಗುವವನು ಬೆಳಗಾವಿ ಜಿಲ್ಲೆಯನ್ನು ದಾಟಿ ಭಾವೆ ಮನೆತನದ ಸಂಸ್ಥಾನವನ್ನು ಪ್ರವೇಶಿಸಬೇಕಾಗಿತ್ತು. ಅದರ ನೆರೆಯ ಸುರೇಬಾನದಲ್ಲಿ 1858ರ ಮೇ ತಿಂಗಳ ಒಂದು ರಾತ್ರಿ ನರಗುಂದದ ಅರಸ ಬಾಬಾಸಾಹೇಬನ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದರು. ಅಲ್ಲಿಯೇ ಸಮೀಪದ ಶಬರಿಕೊಳ್ಳದ ತಣ್ಣೆಳಲಿನಲ್ಲಿ ನಿಂತವನಿಗೆ ಆ ರಾತ್ರಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವೇ ಸರಿ.

ಈ ಪ್ರದೇಶದಲ್ಲಿ ಸೈಕಲ್ಲಿನ ಕಾಲವನ್ನು ನಿರ್ಣಯಿಸುವುದು ಮಣ್ಣು. ಮಳೆ ಬಿದ್ದ ಎರಿಯು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡಿತೆಂದರೆ ಸವಾರನೇ ಸೈಕಲ್ಲನ್ನು ಹೊತ್ತು ನಡೆಯಬೇಕಾಗುತ್ತದೆ. ಬೇಸಗೆಯಲ್ಲಿ ಚಕ್ಕಡಿಯ ಜಾಡು ಕಲ್ಲಿನಂತೆ ಗಟ್ಟಿಯಾಗಿ, ಜಾಲಿಯ ಮುಳ್ಳು ಟ್ಯೂಬನ್ನು ಹುಡುಕಿಕೊಂಡು ಬರುತ್ತದೆ. ದಸರೆ ಕಳೆದು ಹಿಂಗಾರಿಯ ಜೋಳ ಮೊಣಕಾಲೆತ್ತರ ಬೆಳೆದಾಗಿನಿಂದ ಎಲ್ಲಮ್ಮನ ಗುಡ್ಡದ ಭರತ ಹುಣ್ಣಿಮೆಯ ಜಾತ್ರೆಯವರೆಗಿನ ಅವಧಿಯೇ ಪ್ರಶಸ್ತ. ಒಂದು ಸುರುಳಿಯಲ್ಲಿ ದೊರೆಯುತ್ತಿದ್ದವು ಎಂಟು, ಇಲ್ಲವೆ ಹನ್ನೆರಡು ಚಿತ್ರಗಳು ಮಾತ್ರ. ಹೀಗಾಗಿ ಸವಾರನು ಇಳಿದು, ಸೈಕಲ್ಲನ್ನು ಬೇವಿನ ಮರಕ್ಕೆ ಆನಿಸಿ, ಬಿಸಿಲು ಬೆನ್ನ ಹಿಂದೆ ಬರುವಂತೆ ನಿಂತು, ಇದು ಒಂದು ಚಿತ್ರಕ್ಕೆ ತಕ್ಕದ್ದೇ ಎಂದು ಎರಡು ಸಲ ವಿಚಾರಿಸಿದ ಮೇಲೆಯೇ ಗುಂಡಿಯನ್ನು ಒತ್ತುತ್ತಿದ್ದನು. ಆ ಮಿತವ್ಯಯವೇ ಅವನ ಕಣ್ಣಿಗೆ ಶಿಕ್ಷಣವಾಯಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಮೋಟಾರಿನಲ್ಲಿ ಹೋದವನು ಗುಡಿಯಿಂದ ಗುಡಿಗೆ ಹೋಗುತ್ತಾನೆ. ಸೈಕಲ್ಲಿನವನು ನಡುವಿನ ಹೊಲಗಳನ್ನೂ ಅಗಸೆಬಾಗಿಲುಗಳನ್ನೂ ಬೇಲಿಯಲ್ಲಿ ವಾಲಿ ನಿಂತ ವೀರಗಲ್ಲುಗಳನ್ನೂ ಕಾಣುತ್ತಾನೆ, ನೀರು ಕೇಳಿದ ಮನೆಯವರೊಡನೆ ಮಾತಾಡುತ್ತಾನೆ. ಅಧಿಕಾರಿಯ ಚಿತ್ರದಲ್ಲಿ ಕಂಬದ ಪಕ್ಕಕ್ಕೆ ನಿಂತಿದ್ದ ಮನುಷ್ಯನು ಇವನ ಚಿತ್ರದಲ್ಲಿ ನಡುವಿಗೆ ಬಂದನು.

ಇಂಥ ಚಿತ್ರಗಳ ಬೆಲೆ ಏನೆಂಬುದನ್ನು ಮಲಪ್ರಭೆಯೇ ತೋರಿಸಿಕೊಟ್ಟಿದ್ದಾಳೆ. ನವಿಲುತೀರ್ಥದಲ್ಲಿ 1972ರ ಸುಮಾರಿಗೆ ಅಣೆಕಟ್ಟು ಪೂರ್ಣಗೊಂಡು ರೇಣುಕಾಸಾಗರವು ತುಂಬಿದಾಗ, ಕೆಳಗಿನ ಸೀಮೆಗೆ ನೀರು ದೊರೆತು, ಮೇಲಿನ ಹಳ್ಳಿಗಳು ಹೊಲಮನೆಗಳ ಸಹಿತ ಮುಳುಗಿದವು. ಆ ಊರುಗಳ ಕಟ್ಟೆ, ಗುಡಿ, ಓಣಿಗಳು ಹೇಗಿದ್ದವೆಂಬುದಕ್ಕೆ ಯಾವನೋ ಒಬ್ಬ ಮಾಸ್ತರನು ರವಿವಾರದಂದು ತೆಗೆದಿರಬಹುದಾದ ಮಸುಕು ಚಿತ್ರಕ್ಕಿಂತ ಮಿಗಿಲಾದ ಸಾಕ್ಷ್ಯವು ಬೇರೊಂದಿರಲಾರದು.

ಆದುದರಿಂದ ಈ ನಾಲ್ಕು ಊರುಗಳ ಸುತ್ತಿನ ಮನೆಗಳಲ್ಲಿ ಇರುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಅಟ್ಟದ ಮೇಲಿನ ಟ್ರಂಕುಗಳಲ್ಲಿ ಹಿರಿಯರ ಹಳೆಯ ಫೋಟೋಗಳೋ ನೆಗೆಟಿವ್‌ಗಳೋ ಇದ್ದರೆ ಅವುಗಳನ್ನು ಹೊರತೆಗೆದು, ಅದು ಯಾವ ಊರು, ಯಾವ ವರ್ಷ, ಅದರಲ್ಲಿ ಇರುವವರು ಯಾರೆಂಬುದನ್ನು ಬಲ್ಲವರು ಇರುವಾಗಲೇ ಕೇಳಿ ತಿಳಿದು, ಪ್ರತಿಯೊಂದರ ಬೆನ್ನಿಗೆ ಪೆನ್ಸಿಲಿನಿಂದ ಬರೆದಿಡಿರಿ; ಒಂದೊಂದು ಪ್ರತಿಯನ್ನು ಕಿತ್ತೂರಿನ ವಸ್ತುಸಂಗ್ರಹಾಲಯಕ್ಕೋ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ ತಲುಪಿಸಿರಿ.